ಇತರೆ

ಬನ್ನಿಮಂಟಪದ ಹಿಂದೆ, ಹಳೇ ಊದುಬತ್ತಿ ಗೋಡೌನಿನೊಳಗೆ
ಮೂವತ್ತೆರಡು ಗೂಡು ಕಟ್ಟಿಸಿದೆ.
ತಗಡಿನ ಷಟರು, ಸುಣ್ಣದಲ್ಲಿ ಬರೆದ ನಂಬರು.
ಮಳೆ ಹಿಡಿದರೆ ಗೋಡೆ ಈಗಲೂ ಕೇದಗೆಯ ಘಮಲು ಬಿಡುತ್ತದೆ.
ವರ್ಗವಾದವರ ಸೋಫಾ, ಪಾಲಾದ ಅಣ್ಣತಮ್ಮಂದಿರ ಪಾಲಾಗದ ಬೀರು,
ಮುಚ್ಚಿಹೋದ ಟೈಪಿಂಗ್ ಶಾಲೆಯ ಹದಿನೆಂಟು ಯಂತ್ರ.
ಒಬ್ಬರದು ಬರೀ ದಸರಾ ಗೊಂಬೆ:
ರಾಜಾರಾಣಿಯರನ್ನು ಆಟೋದಲ್ಲಿ ಕರೆದೊಯ್ದು
ಹತ್ತು ದಿನ ಬಿಟ್ಟು ತಂದು ಮಲಗಿಸುತ್ತಾರೆ.

ಮಂಟಯ್ಯ ಇದ್ದಾಗ
ಬೀಗದ ಕೈಗಳು ಬಿಸ್ಕತ್ ಡಬ್ಬದಲ್ಲಿ,
ಲೆಕ್ಕ ನಲವತ್ತು ಹಾಳೆಯ ನೋಟುಬುಕ್ಕಿನಲ್ಲಿ:
‘೯ – ಕೊಟ್ಟರು.
೨೧ – ಮಗಳ ಬಾಣಂತನ, ಮುಂದಿನ ತಿಂಗಳು.
೧೪ – ಕೇಳೋದು ಬೇಡ.’
ಯಾಕೆ ಬೇಡ ಅಂತ ನಾನೂ ಕೇಳಲಿಲ್ಲ.
ಕಣ್ಣಿಗೆ ಪೊರೆ ಬಂದು ಮಳವಳ್ಳಿ ಕಡೆಯ ತನ್ನೂರಿಗೆ ಹೊರಟ,
ಡಬ್ಬವನ್ನು ನನ್ನ ಮಡಿಲಲ್ಲಿಟ್ಟು.

ಆಮೇಲೆ ಹೂಟಗಳ್ಳಿಯಿಂದ ಇಬ್ಬರು ಹುಡುಗರು ಬಂದರು, ಏಣಿ ಹೊತ್ತು.
ಷಟರಿಗೊಂದು ಕಪ್ಪು ಡಬ್ಬಿ.
ಫೋನು ತೋರಿಸಿದರೆ ಬೀಗ ಬಿಡುತ್ತದೆ.
ಒಂದನೇ ತಾರೀಕು ನೆನಪೋಲೆ, ಐದಕ್ಕೆ ಇನ್ನೊಂದು,
ಏಳು ದಾಟಿದರೆ ದಂಡ, ಹತ್ತಕ್ಕೆ ತಾನಾಗೇ ಬಂದು.
ಹತ್ತು ನಿಮಿಷ ಒಳಗೆ ಯಾರೂ ಅಲುಗದಿದ್ದರೆ
ದೀಪವೂ ತಾನೇ ಆರುತ್ತದೆ.
‘ನೀವಿಲ್ಲಿಗೆ ಬರೋದೇ ಬೇಡ ಮೇಡಂ,’ ಅಂದರು.
ಸುಳ್ಳಲ್ಲ. ಅವರೆಕಾಯಿ ಸುಲಿಯುತ್ತ, ಮನೆಯಲ್ಲೇ ಕೂತು
ಮೂವತ್ತೆರಡು ಬಾಗಿಲು ಕಾದೆ ಈ ಚಳಿಗಾಲ.
ಹೇಳಬೇಕಾದ್ದು ಹೇಳಬೇಕು, ಬ್ಯಾಂಕಿನ ಸಾಲವೂ ತೀರಿತು.
ಬಾಕಿದಾರರ ಹೊಸಿಲಲ್ಲಿ ನಿಂತು
ಅವರ ಕಾಫಿ ಕುಡಿದು ಬರಿಗೈಲಿ ಬರುವ ಸಂಕಟ ತಪ್ಪಿತು.

ಒಂದು ಸಾಲು ಮಾತ್ರ, ದಿನಾ:
೧೪. ತೆರೆದಿದೆ, ಐದು ಎಂಟು.
೧೪. ದೀಪ ಆರಿದೆ. ಚಲನೆ ಇಲ್ಲ.
ಚಲನೆ ಇಲ್ಲ.
ಚಲನೆ ಇಲ್ಲ.
೧೪. ಮುಚ್ಚಿದೆ, ಆರು ಐದು.
ಕತ್ತಲಲ್ಲಿ, ತಗಡಿನ ಗೂಡಿನಲ್ಲಿ, ಮಿಸುಕದೆ
ಅಷ್ಟು ಹೊತ್ತು ಯಾರು, ಏನು?
ಕೆಟ್ಟದ್ದೇ ಮೊದಲು ಹೊಳೆಯುವುದು ಮನಸ್ಸಿಗೆ.

ಶಾಲು ಹೊದ್ದು ಹೋದೆ ಒಂದು ದಿನ.
ಗೇಟಿನ ಹೊರಗೇ ಕೇಳಿಸಿತು.
ಲಷ್ಕರ್ ಮೊಹಲ್ಲಾದ ಇನಾಸಪ್ಪ, ಬ್ಯಾಂಡ್‌ಸೆಟ್ಟಿನವರು.
ಮೆರವಣಿಗೆಗೆ ಈಗ ಲಾರಿ ತುಂಬ ಡಿಜೆ ಪೆಟ್ಟಿಗೆ;
ವಠಾರದಲ್ಲಿ ಊದಿದರೆ ಮಹಡಿಯ ಕೂಸು ಬೆಚ್ಚುತ್ತದೆ.
ಮೂಲೆಯಲ್ಲಿ ಕಂಬಳಿ ಹೊದ್ದ ಡೋಲು,
ಒಂದರೊಳಗೊಂದು ಸಿಕ್ಕಿಸಿಟ್ಟ ಜರಿ ಟೋಪಿ,
ನಡುವೆ ಸ್ಟೂಲಿನ ಮೇಲೆ ಅವರು, ಕ್ಲಾರಿನೆಟ್ಟು,
ಒಂದೇ ಸ್ವರ.
ಉಸಿರು ಮುಗಿಯುವ ತನಕ ಒಂದೇ ಸ್ವರ, ಮತ್ತೆ ಅದೇ.
ಅಲುಗಿದ್ದು ಗಾಳಿ ಮಾತ್ರ;
ದೀಪಕ್ಕೆ ಹೇಗೆ ತಿಳಿಯಬೇಕು?
ಬಂದ ಕೆಮ್ಮು ನುಂಗಿಕೊಂಡು ಹಿಂದಿರುಗಿದೆ.

ಇವತ್ತು ಹತ್ತನೇ ತಾರೀಕು.
ಐದು ಒಂಬತ್ತು: ೧೪. ನಿರಾಕರಿಸಲಾಗಿದೆ.
ಐದು ಹತ್ತು: ನಿರಾಕರಿಸಲಾಗಿದೆ.
ಆಮೇಲೆ ಸುದ್ದಿಯಿಲ್ಲ.
ಕ್ಯಾಮೆರಾದಲ್ಲಿ ಅವರು ಮೆಟ್ಟಿಲ ಮೇಲೆ,
ತೊಡೆಯ ಮೇಲೊಂದು ಖಾಕಿ ಚೀಲ,
ಬಸ್ಸು ತಪ್ಪಿದವರ ಹಾಗೆ.

‘ವಿನಾಯಿತಿ’ ಒತ್ತಿದೆ. ಕಾರಣ ಆರಿಸಿ ಎಂದಿತು.
ಆಸ್ಪತ್ರೆ. ವರ್ಗಾವಣೆ. ಮರಣ. ಇತರೆ.
‘ಇತರೆ’ಗೊಂದು ಖಾಲಿ ಚೌಕ, ನಲವತ್ತು ಅಕ್ಷರ ಮೀರುವಂತಿಲ್ಲ.
‘ಬಡತನ’ ಎಂದು ಬರೆದೆ. ಅವರು ಹಾಗಂದಿಲ್ಲವಲ್ಲ, ಅಳಿಸಿದೆ.
‘ಸಂಗೀತ’ ಎಂದೆ. ಅವರೇ ನಾಚಿಕೊಳ್ಳುವಷ್ಟು ದೊಡ್ಡ ಮಾತು.
ಮಂಟಯ್ಯನ ಗುಂಡನೆ ಬರಹ ಕಣ್ಣಿಗೆ ಕಟ್ಟಿತು: ಕೇಳೋದು ಬೇಡ.
ಎಷ್ಟೋ ಹೊತ್ತಿನ ಮೇಲೆ ಬರೆದೆ:
‘ಕೇಳಿದ್ದೇನೆ.’
ನಾಲ್ಕೇ ಅಕ್ಷರ. ಯಂತ್ರ ತಕರಾರು ಮಾಡಲಿಲ್ಲ,
ಈ ಒಂದು ತಿಂಗಳಿಗೆ.

ಟಕ್ಕೆಂದಿರಬೇಕು ಬೀಗ; ತಟ್ಟನೆ ತಿರುಗಿದರು.
ಕ್ಯಾಮೆರಾದತ್ತ ನೋಡಲಿಲ್ಲ, ನನ್ನ ಪುಣ್ಯ.
ಷಟರೆತ್ತಿ, ಬಗ್ಗಿ, ಒಳಗೆ ಹೋದರು.

ಕ್ಯಾಮೆರಾಕ್ಕೆ ಕಿವಿ ಇಟ್ಟಿಲ್ಲ ಹುಡುಗರು.
ಸಿಪ್ಪೆ ಗುಡ್ಡೆ ಮಾಡಿಕೊಂಡು ಕಾದೆ.
ಐದು ನಲವತ್ತೊಂದಕ್ಕೆ ಬಂತು:
೧೪. ದೀಪ ಆರಿದೆ.
ಚಲನೆ ಇಲ್ಲ.